ಅಂಟು–ಮುಟ್ಟು: ಚಿನ್ನದ ಹೊತ್ತಗೆಯ ಕೆಳಗಿನ ತೊಗಲು

1

ದಲಿತ ವಿಮರ್ಶೆಯ ಮಾತು ಬಂದಾಗಲೆಲ್ಲ ನಮ್ಮವರಿಂದಲೇ ಒಂದು ಸೂತ್ರ ತಪ್ಪದೆ ಬರುತ್ತದೆ. 'ನಮ್ಮದು ಬಾಯಿಮಾತಿನ ಪರಂಪರೆ, ಅವರದು ಬರಹದ ಪರಂಪರೆ' ಅನ್ನೋದು ಆ ಸೂತ್ರ. ಇದು ಹುಟ್ಟಿದ್ದು ಸಿಟ್ಟಿನಿಂದ. ಅಕ್ಷರವನ್ನು ಬೀಗ ಹಾಕಿ ಇಟ್ಟುಕೊಂಡವರ ಎದುರು ನಮ್ಮ ಹಾಡು, ಕತೆ, ತಮಟೆಗಳನ್ನು ಎತ್ತಿ ಹಿಡಿಯುವುದಕ್ಕೆ ಇಂಥ ಮಾತು ಬೇಕಾಗಿತ್ತು. ಆದರೆ ಇವತ್ತು ಅದು ಯೋಚನೆ ಮಾಡುವ ಶ್ರಮವನ್ನು ಉಳಿಸುವ ಮಾತಾಗಿದೆ. ಹಸ್ತಪ್ರತಿ, ಓಲೆಗರಿ, ಬಣ್ಣದ ಹೊತ್ತಗೆ ಅಂದ ಕೂಡಲೇ 'ಅದು ಮಠದ್ದು, ಬಸದಿಯದು, ಅರಮನೆಯದು, ನಮಗೇನು?' ಅಂತ ನಾವು ಎದ್ದು ಬರುತ್ತೇವೆ. ನಾವು ಎದ್ದು ಬಂದ ಜಾಗದಲ್ಲಿ ಕಲಾ ಇತಿಹಾಸಕಾರರು ನೆಮ್ಮದಿಯಾಗಿ ಕೂತು ರಾಜರ ಔದಾರ್ಯ, ರಾಣಿಯರ ಭಕ್ತಿ, ಕುಂಚದ ನಾಜೂಕುಗಳ ಬಗ್ಗೆ ಬರೆಯುತ್ತಾರೆ.

ಈ ಲೇಖನದ ವಾದ ಸರಳವಾದದ್ದು. ಚಿತ್ರಿತ ಹಸ್ತಪ್ರತಿಯನ್ನು ಅದರಲ್ಲಿ ಏನು ಬರೆದಿದೆ ಅಂತ ಮಾತ್ರ ಓದಬಾರದು, ಅದು ಏನರಿಂದ ಆಗಿದೆ ಅಂತಲೂ ಓದಬೇಕು. ಹಾಗೆ ಓದಿದರೆ ಆ ಬೆಳಕಿನ ಕೆಳಗೆ ಒಂದು ತೊಗಲು ಸಿಗುತ್ತದೆ. ಆ ತೊಗಲು ಬಂದ ದಾರಿಯನ್ನು ಹುಡುಕಿಕೊಂಡು ಹೋದರೆ ಊರಾಚೆಯ ಕೇರಿ ಸಿಗುತ್ತದೆ.

ಒಂದು ತರಗತಿಯಲ್ಲಿ ಮೈಸೂರು ಶೈಲಿಯ ಚಿತ್ರವೊಂದರ ಅಚ್ಚನ್ನು ತೋರಿಸುತ್ತಿದ್ದಾಗ ಗೌರಿಬಿದನೂರು ಕಡೆಯ ಹುಡುಗಿಯೊಬ್ಬಳು, 'ಅಷ್ಟು ಚಿನ್ನ ಹೆಂಗೆ ಅಂಟಿಸಿದ್ರು ಮೇಡಂ?' ಅಂತ ಕೇಳಿದಳು. ಕಲೆಯ ಪುಸ್ತಕಗಳು ಈ ಪ್ರಶ್ನೆಯನ್ನು ಕುಶಲತೆಯ ಅಧ್ಯಾಯಕ್ಕೆ ತಳ್ಳಿ ಮುಂದಕ್ಕೆ ಹೋಗುತ್ತವೆ. ನಮಗೆ ಅದೇ ಮೊದಲ ಪ್ರಶ್ನೆಯಾಗಬೇಕು. ಕನ್ನಡದಲ್ಲಿ 'ಅಂಟು' ಅಂದರೆ ಗೋಂದು. 'ಅಂಟು–ಮುಟ್ಟು' ಅಂದರೆ ಮೈಲಿಗೆ. ಒಂದೇ ಪದ ಎರಡೂ ಕಡೆ ಕೂತಿರುವಾಗ ವಿಮರ್ಶಕರು ಅದನ್ನು ಸುಮ್ಮನೆ ದಾಟಿಹೋಗುವ ಹಾಗಿಲ್ಲ.

2

ಮೊದಲು ಹೊರಗಿನ ಉದಾಹರಣೆಯೊಂದನ್ನು ನೋಡೋಣ. ಯುರೋಪಿನ ಮಧ್ಯಯುಗದ ಚಿತ್ರಿತ ಹಸ್ತಪ್ರತಿಗಳು ಬಹುಪಾಲು ಚರ್ಮದ ಹೊತ್ತಗೆಗಳು. ಕರು, ಕುರಿ, ಮೇಕೆಗಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಿದ್ದರು. ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಅರ್ಧಚಂದ್ರದ ಆಕಾರದ ಕತ್ತಿಯಿಂದ ಹೆರೆದು, ಒಣಗಿಸಿ ಹಾಳೆ ಮಾಡುತ್ತಿದ್ದರು. ಆಮೇಲೆ ಗೆರೆ ಹಾಕಿ ಅಕ್ಷರ ಬರೆಯುವುದು. ಚಿತ್ರದ ಜಾಗದಲ್ಲಿ ಮೊದಲು ಅಂಟು ಬೆರೆಸಿದ ಸುಣ್ಣದ ಲೇಪ ಕೊಟ್ಟು, ಅದರ ಮೇಲೆ ಚಿನ್ನದ ರೇಕು ಕೂರಿಸಿ, ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ಉಜ್ಜಿ ಹೊಳಪು ತರುತ್ತಿದ್ದರು. ಬಣ್ಣ ಬರುತ್ತಿದ್ದದ್ದು ಕಡೆಗೆ. ಸುಮಾರು ಕ್ರಿ.ಶ. 800ರ ಹೊತ್ತಿನ, ಈಗ ಡಬ್ಲಿನ್‌ನಲ್ಲಿರುವ 'ಬುಕ್ ಆಫ್ ಕೆಲ್ಸ್' ಎಂಬ ಒಂದೇ ಹೊತ್ತಗೆಗೆ ನೂರಕ್ಕೂ ಹೆಚ್ಚು ಕರುಗಳ ತೊಗಲು ಬೇಕಾಗಿತ್ತು ಅಂತ ತಿಳಿದವರು ಲೆಕ್ಕ ಹಾಕಿದ್ದಾರೆ. ಕ್ರೈಸ್ತರ ದೇವವಾಕ್ಯ ಕರುವಿನ ಚರ್ಮದ ಮೇಲೆ ಕೂತಿತು. ಅದರಿಂದ ಆ ವಾಕ್ಯಕ್ಕೇನೂ ಮೈಲಿಗೆಯಾಗಲಿಲ್ಲ.

ಸುಣ್ಣದ ಗುಣಿ, ಕೂದಲು ತೆಗೆಯುವುದು, ಹೆರೆಯುವುದು — ಈ ಮೊದಲ ಕೆಲಸಗಳನ್ನು ನಮ್ಮ ಮಾದಿಗೇರಿಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಂಗಡಿ ತೊಗಟೆಯಲ್ಲಿ ಚರ್ಮ ಹದಮಾಡುವ ವಿದ್ಯೆ ಅವರ ಕೈಯಲ್ಲೇ ಇತ್ತು. ಹಾಳೆಯಾಗಬಲ್ಲ ವಸ್ತು ಇತ್ತು, ಅದನ್ನು ಹದಕ್ಕೆ ತರುವ ಕೈ ಇತ್ತು. ಆದರೂ ಈ ನೆಲದಲ್ಲಿ ಚರ್ಮ ಹಾಳೆಯಾಗಲಿಲ್ಲ. ತಾಳೆಗರಿ ಧಾರಾಳವಾಗಿ ಸಿಗುತ್ತಿತ್ತು ಅನ್ನೋದು ಒಂದು ಕಾರಣ, ಅದನ್ನು ಒಪ್ಪೋಣ. ಆದರೆ ಅದೊಂದೇ ಕಾರಣವಲ್ಲ. ಸತ್ತ ದನದ ಚರ್ಮ ಮುಟ್ಟಿದರೆ ಮೈಲಿಗೆ ಎಂಬ ಕಟ್ಟು ಇಲ್ಲಿತ್ತು. ಹಾಗಂತ ಎಲ್ಲ ಚರ್ಮವೂ ಮೈಲಿಗೆಯಲ್ಲ. ಉಪನಯನದ ವಟುವಿಗೆ ಕೃಷ್ಣಾಜಿನ ಪವಿತ್ರ, ಋಷಿಗೆ ಹುಲಿಚರ್ಮ ಪವಿತ್ರ. ಚರ್ಮದ ಪಾವಿತ್ರ್ಯವನ್ನು ತೀರ್ಮಾನ ಮಾಡುವುದು ಪ್ರಾಣಿಯಲ್ಲ, ಅದರ ಮೇಲೆ ಕೂತವರ ಜಾತಿ.

ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೂಡಿನೊಳಗೆ ಇರುವ ಹುಳವನ್ನು ಬಿಸಿನೀರಿಗೆ ಹಾಕಿ ಎಳೆ ತೆಗೆಯುವ ಕೆಲಸ ಅಲ್ಲಿ ಮನೆಮನೆಯ ಕೆಲಸ. ಆ ಬಿಸಿನೀರಿಗೆ ಕೈ ಹಾಕುವವರಲ್ಲಿ ಹೆಚ್ಚಿನವರು ಮುಸ್ಲಿಮರು, ದಲಿತರು, ಅದರಲ್ಲೂ ಹೆಂಗಸರು. ಸತ್ತ ಹುಳದ ಆ ಎಳೆ ಮಗ್ಗಕ್ಕೆ ಹೋಗಿ ರೇಷ್ಮೆಯಾಗಿ ಬಂದರೆ ಅದು ಮಡಿಬಟ್ಟೆ. ಪೂಜೆಯ ಗ್ರಂಥವನ್ನು ಸುತ್ತಿಡುವುದೂ ಅದರಲ್ಲೇ. ಹುಳುವನ್ನು ಬೇಯಿಸಿದರೆ ಮಡಿ, ಎಮ್ಮೆಯ ತೊಗಲನ್ನು ಬೇಯಿಸಿದರೆ ಮೈಲಿಗೆ. ಇದು ಯಾವ ಲೆಕ್ಕ?

3

ಕರ್ನಾಟಕದ ಚಿತ್ರಿತ ಹಸ್ತಪ್ರತಿ ಅಂದರೆ ಮೊದಲು ನೆನಪಾಗುವುದು ಮೂಡಬಿದರೆಯ ಸಿದ್ಧಾಂತ ಬಸದಿಯ ಧವಲಾ ಗ್ರಂಥಗಳು. ಷಟ್ಖಂಡಾಗಮದ ಮೇಲಿನ ಈ ವ್ಯಾಖ್ಯಾನಗಳ ಭಾಷೆ ಪ್ರಾಕೃತ–ಸಂಸ್ಕೃತ, ಲಿಪಿ ಹಳೆಯ ಕನ್ನಡ. 12ನೇ ಶತಮಾನದ ಓಲೆಗರಿಗಳ ಮೇಲೆ ಪಾರ್ಶ್ವನಾಥ, ಬಾಹುಬಲಿ, ಶ್ರುತದೇವಿ, ಅಂಬಿಕೆ, ಕೈಮುಗಿದ ಭಕ್ತರು ಬಣ್ಣದಲ್ಲಿದ್ದಾರೆ. ಬೆರಳು ಅಗಲದ ಗರಿಯ ಮೇಲೆ ಇಷ್ಟನ್ನು ಬರೆದ ಕೈ ಸಾಮಾನ್ಯದ್ದಲ್ಲ. ಆ ಚೆಲುವನ್ನು ಅಲ್ಲಗಳೆದರೆ ವಿಮರ್ಶೆಯಾಗುವುದಿಲ್ಲ.

ಆದರೆ ಇಂಥ ಹೊತ್ತಗೆಗಳ ಕೊನೆಯ ಪ್ರಶಸ್ತಿಗಳಲ್ಲಿ ಯಾರ ಹೆಸರಿರುತ್ತದೆ ಅಂತ ನೋಡಿ. ಬರೆಯಿಸಿದ ಶ್ರೀಮಂತ ಮನೆತನದ ಹೆಸರು, ವ್ರತ ಮುಗಿಸಿ ದಾನ ಕೊಟ್ಟ ಹೆಣ್ಣುಮಗಳ ಹೆಸರು, ದಾನ ಪಡೆದ ಮುನಿಯ ಹೆಸರು. ಅದೃಷ್ಟವಿದ್ದರೆ ಲಿಪಿಕಾರನ ಹೆಸರು. 10ನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಅಂತ ನಾವೆಲ್ಲ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಹೆಣ್ಣೊಬ್ಬಳು ಪುಸ್ತಕವನ್ನು ಹೀಗೆ ಹರಡಿದ್ದು ದೊಡ್ಡ ಸಂಗತಿಯೇ. ಆದರೆ ಸಾವಿರ ಪ್ರತಿ ಅಂದರೆ ಎಷ್ಟು ಮರದ ಗರಿ? ಮರ ಹತ್ತಿ ಕಡಿದವರು ಯಾರು? ಬೇಯಿಸಿ, ಒಣಗಿಸಿ, ತಿಕ್ಕಿ ನುಣುಪು ಮಾಡಿದವರು ಯಾರು? ಕಂಠದ ಮೊನೆ ಮಸೆದವರು, ಮಸಿಗೆ ಕಾಡಿಗೆ ಹಿಡಿದವರು, ತೂತು ಕೊರೆದು ದಾರ ಹೊಸೆದವರು ಯಾರು? ಸಾಹಿತ್ಯ ಚರಿತ್ರೆಯಲ್ಲಿ ಸಾವಿರ ಎಂಬ ಅಂಕಿ ಉಳಿದಿದೆ. ಆ ಸಾವಿರವನ್ನು ಮಾಡಿದ ಕೈಗಳು ಉಳಿದಿಲ್ಲ.

ಧವಲಾ ಗ್ರಂಥಗಳದು ಇನ್ನೂ ಒಂದು ಕತೆ ಇದೆ. ಶತಮಾನಗಳ ಕಾಲ ಅವು ಓದುವ ಹೊತ್ತಗೆಗಳಾಗಿರಲಿಲ್ಲ, ದರ್ಶನಕ್ಕೆ ಇಟ್ಟ ಹೊತ್ತಗೆಗಳಾಗಿದ್ದವು. ಜೈನ ಗೃಹಸ್ಥರಿಗೂ ಕೈಮುಗಿಯುವುದಕ್ಕಷ್ಟೇ ಅವಕಾಶ. 19ನೇ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಶುರುವಾಗಿ, ಪ್ರತಿಗಳು ಗುಟ್ಟಾಗಿ ಹೊರಗೆ ಹೋಗಿ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಚ್ಚಾಗಿ ಬರತೊಡಗಿದ್ದು 1939ರಿಂದ. ಹೊತ್ತಗೆಗೆ ಬೆಳಕು ತುಂಬುವುದು ಬೇರೆ, ಹೊತ್ತಗೆಯನ್ನು ಬೆಳಕಿಗೆ ತರುವುದು ಬೇರೆ. ಚಿನ್ನ–ಬಣ್ಣ ಹೆಚ್ಚಾದಷ್ಟೂ ಬೀಗ ಬಲವಾಗುತ್ತದೆ. ಅಲ್ಲಿ ಅಕ್ಷರ ಅರ್ಥವಾಗಿ ಉಳಿಯುವುದಿಲ್ಲ, ವಿಗ್ರಹವಾಗುತ್ತದೆ.

4

ಈಗ ಅಂಟಿನ ವಿಷಯಕ್ಕೆ ಬರೋಣ. ಮೂಡಬಿದರೆಯ ಗರಿಗಳಿಗೆ ಬಣ್ಣ ಬಿದ್ದ ಶತಮಾನದಲ್ಲೇ, ಅಂದರೆ 1130ರ ಆಸುಪಾಸಿನಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಅದಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಅಂತ ಇನ್ನೊಂದು ಹೆಸರಿದೆ. ಬೇಡಿದ್ದನ್ನು ಕೊಡುವ ಮಣಿ ಅನ್ನೋ ಅರ್ಥ. ನಮ್ಮ ಚಿಂತಾಮಣಿ ಊರಿನ ಹೆಸರಿನಲ್ಲೂ ಅದೇ ಮಣಿ. ಅರಸನ ಊಟ, ಆನೆ, ಸಂಗೀತ, ಬೇಟೆ ಎಲ್ಲದರ ಜೊತೆ ಚಿತ್ರ ಬರೆಯುವ ವಿಧಾನವನ್ನೂ ಈ ಗ್ರಂಥ ವಿವರವಾಗಿ ಹೇಳುತ್ತದೆ.

ಅದರಲ್ಲಿ 'ವಜ್ರಲೇಪ' ಎಂಬ ಅಂಟಿನ ಪಾಕವಿದೆ. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಹಾಕಿ ಬೆಣ್ಣೆಯಷ್ಟು ಮೆತ್ತಗಾಗುವ ತನಕ ಕುದಿಸಬೇಕು. ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಿಳಿಮಣ್ಣಿಗೆ ಬೆರೆಸಿ ಗೋಡೆಗೆ ಲೇಪ ಕೊಡಬೇಕು, ಬಣ್ಣಗಳಿಗೂ ಬೆರೆಸಬೇಕು. ಅದಿಲ್ಲದೆ ಬಣ್ಣ ನಿಲ್ಲುವುದಿಲ್ಲ. ಚಿನ್ನ ಹಚ್ಚಿದ ಮೇಲೆ ಹಂದಿಯ ಕೋರೆಹಲ್ಲಿನಿಂದ ತಿಕ್ಕಿ ಹೊಳಪು ತರಬೇಕು. ಯುರೋಪಿನವರ ನಾಯಿಹಲ್ಲು ಇಲ್ಲಿ ಹಂದಿಯ ಕೋರೆಯಾಗಿದೆ, ಅಷ್ಟೇ ವ್ಯತ್ಯಾಸ.

ಈ ಪಾಕವನ್ನು ಒಂದು ಪಠ್ಯವಾಗಿ ಓದಿ ನೋಡಿ. ಅದು ಶುರುವಾಗುವುದೇ 'ಎಮ್ಮೆಯ ಚರ್ಮ'ದಿಂದ. ಎಮ್ಮೆ ಸತ್ತಿದ್ದು, ಅದನ್ನು ಹೊತ್ತು ಊರಾಚೆಗೆ ಸಾಗಿಸಿದ್ದು, ಸುಲಿದಿದ್ದು, ನೆತ್ತರು ತೊಳೆದಿದ್ದು — ಇದು ಯಾವುದೂ ವಾಕ್ಯದೊಳಗೆ ಬರುವುದಿಲ್ಲ. ಚರ್ಮ ತಾನಾಗಿ ಎದ್ದು ಬಂದು ಬಾಣಲೆಗೆ ಬಿದ್ದ ಹಾಗಿದೆ! ಕುದಿಸಬೇಕು, ಒಣಗಿಸಬೇಕು, ಬೆರೆಸಬೇಕು. ಕ್ರಿಯಾಪದಗಳಿವೆ, ಕರ್ತೃ ಇಲ್ಲ. ವ್ಯಾಕರಣದಲ್ಲೇ ಅಸ್ಪೃಶ್ಯತೆ ಕೆಲಸ ಮಾಡುವುದು ಹೀಗೆ.

ಹೆಸರಿನ ರಾಜಕಾರಣವನ್ನೂ ಗಮನಿಸಬೇಕು. ಚರ್ಮ ಚರ್ಮವಾಗಿರುವ ತನಕ ಮೈಲಿಗೆ. ಅದನ್ನು ಕುದಿಸಿ ಕಡ್ಡಿ ಮಾಡಿದ ಮೇಲೆ ಅದರ ಹೆಸರು ವಜ್ರ! ನಮ್ಮ ಹಳೆಯ ಮರಗೆಲಸದವರ ಬಾಯಲ್ಲೂ ಈ ಅಂಟು 'ವಜ್ರ'ವೇ. ಹೆಸರು ಬದಲಾದ ಕೂಡಲೇ ಅದು ಗುಡಿಯ ಗೋಡೆ ಹತ್ತುತ್ತದೆ, ದೇವರ ಕೆನ್ನೆಯ ಬಣ್ಣವನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ಒದಗಿಸಿದ ಮನುಷ್ಯನಿಗೆ ಮಾತ್ರ ಹೆಸರು ಬದಲಾಗಲಿಲ್ಲ, ಗುಡಿಯ ಬಾಗಿಲೂ ತೆರೆಯಲಿಲ್ಲ. ಮೂಡಬಿದರೆಯ ಗರಿಗಳ ಬಣ್ಣದಲ್ಲಿ ಇರುವುದು ಇದೇ ಅಂಟು ಎಂಬುದು ನನ್ನ ವಾದವಲ್ಲ. ಈ ನೆಲದ ಚಿತ್ರವಿದ್ಯೆ ತನ್ನ ಬಣ್ಣಕ್ಕೆ ಆಧಾರ ಅಂತ ತಾನೇ ಬರೆದಿಟ್ಟುಕೊಂಡ ವಸ್ತು ಇದು ಎಂಬುದಷ್ಟೇ ವಾದ.

ಚಿನ್ನದ ಕತೆಯೂ ಹೀಗೇ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸ್ಥಾನದ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ಸಚಿತ್ರ ಗ್ರಂಥ. ದೇವದೇವತೆಗಳ ನೂರಾರು ರೂಪಗಳು ಅದರಲ್ಲಿವೆ. ಅದೇ ಆಸ್ಥಾನದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಗಳಲ್ಲಿ ಬಿಳಿಯ ಲೇಪದಿಂದ ಉಬ್ಬು ಕೆಲಸ ಮಾಡಿ ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಆ ರೇಕು ಅಷ್ಟು ತೆಳ್ಳಗಾಗುವುದು ಹೇಗೆ? ಚಿನ್ನದ ಚೂರುಗಳನ್ನು ದನದ ಕರುಳಿನ ಪೊರೆ ಅಥವಾ ಹದಮಾಡಿದ ತೊಗಲಿನ ಹಾಳೆಗಳ ನಡುವೆ ಇಟ್ಟು ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯುವುದೇ ರೇಕು ಮಾಡುವ ಹಳೆಯ ವಿಧಾನ. ಯುರೋಪಿನಲ್ಲೂ ಹಾಗೆಯೇ, ನಮ್ಮಲ್ಲಿ ಸಿಹಿತಿಂಡಿಗೆ ಹಚ್ಚುವ ವರಖಿನಲ್ಲೂ ಹಾಗೆಯೇ. ದೇವರ ಕಿರೀಟಕ್ಕೆ ಏರುವ ಮೊದಲು ಚಿನ್ನ ಮಲಗಿದ್ದದ್ದು ತೊಗಲಿನ ಪುಟಗಳ ನಡುವೆ. ಚರ್ಮದ ಹೊತ್ತಗೆ ನಮ್ಮಲ್ಲೂ ಇತ್ತು, ಅದರೊಳಗೆ ಅಕ್ಷರಕ್ಕೆ ಬದಲು ಚಿನ್ನ ಇತ್ತು ಅನ್ನಬಹುದು.

5

ನಮ್ಮ ಜಿಲ್ಲೆಯ ರೈತರಿಗೆ ಇದೇ ತರ್ಕ ಇನ್ನೊಂದು ರೂಪದಲ್ಲಿ ಗೊತ್ತು. ಪಂಪ್‌ಸೆಟ್ ಬರುವ ಮುಂಚೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಬಾವಿಗಳಲ್ಲಿ ನೀರೆತ್ತುತ್ತಿದ್ದದ್ದು ಕಪಿಲೆ. ಎತ್ತು ಹಿಂದಕ್ಕೂ ಮುಂದಕ್ಕೂ ನಡೆದರೆ ತೊಗಲಿನ ಬಾನೆ ಬಾವಿಗೆ ಇಳಿದು ಮೇಲೆ ಬರುತ್ತಿತ್ತು. ಆ ಬಾನೆ ಹೊಲಿದದ್ದು, ಮಿಣಿ ಹೊಸೆದದ್ದು ಮಾದಿಗರ ಕೈ. ಊರ ಗದ್ದೆ ಹಸಿರಾದದ್ದು ಅವರ ತೊಗಲಿನಲ್ಲಿ ಎದ್ದು ಬಂದ ನೀರಿನಿಂದ. ಆದರೆ ಅದೇ ಕೈ ಸೇದುವ ಬಾವಿಯ ಹಗ್ಗ ಮುಟ್ಟಿದರೆ ನೀರು ಮೈಲಿಗೆ! ಕೈ ಮಾಡಿದ ವಸ್ತು ಒಳಗೆ, ವಸ್ತು ಮಾಡಿದ ಕೈ ಹೊರಗೆ. ಹೊತ್ತಗೆಯಲ್ಲಿ ನಡೆದದ್ದೂ ಬಾವಿಯಲ್ಲಿ ನಡೆದದ್ದೂ ಒಂದೇ.

ಇಲ್ಲಿ ಗೆಳೆಯರಿಗೆ ಒಂದು ಎಚ್ಚರದ ಮಾತು ಹೇಳಬೇಕು. 'ಹಾಗಾದರೆ ಹಸ್ತಪ್ರತಿಯೂ ನಮ್ಮದೇ, ನಾವೇ ಅದನ್ನು ಮಾಡಿದ್ದು' ಅಂತ ಎದೆ ತಟ್ಟಿಕೊಂಡರೆ ವಾದ ದಾರಿ ತಪ್ಪುತ್ತದೆ. ಸತ್ತ ದನ ಹೊರುವುದು, ಚರ್ಮ ಸುಲಿಯುವುದು ಯಾರೂ ಇಷ್ಟಪಟ್ಟು ಆರಿಸಿಕೊಂಡ ಕಲೆಯಲ್ಲ, ಹೇರಿದ ಚಾಕರಿ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ಟದ್ದು ಈ ಕಟ್ಟನ್ನು ಕಡಿಯುವುದಕ್ಕೆ. ತಮಟೆಯ ವಿಷಯದಲ್ಲೂ ನಮ್ಮ ಚಳವಳಿಯೊಳಗೆ ಈ ಜಗಳ ನಡೆದಿದೆ. ಬಿಟ್ಟಿ ಚಾಕರಿಯ ತಮಟೆ ಬೇಡ ಅಂದವರೂ ಇದ್ದರು, ತಮಟೆಯನ್ನೇ ಹೋರಾಟದ ದನಿ ಮಾಡಿಕೊಂಡವರೂ ಇದ್ದರು. ಇಬ್ಬರ ಮಾತಿಗೂ ಕಾರಣವಿತ್ತು. 2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಸಂತೋಷಪಟ್ಟೆವು. ಆದರೆ ಹಳ್ಳಿಯ ಸಾವಿನ ಮನೆ ಮುಂದೆ ಈಗಲೂ ತಮಟೆ ಬಡಿಯಲೇಬೇಕು ಅಂತ ಕರೆಸಿಕೊಳ್ಳುವ ಹುಡುಗನಿಗೆ ಆ ಪ್ರಶಸ್ತಿಪತ್ರದಿಂದ ಬಿಡುಗಡೆ ಸಿಗುವುದಿಲ್ಲ.

ಆದ್ದರಿಂದ ನಮ್ಮ ಓದು ಹೆಮ್ಮೆಯ ಓದಾಗುವುದು ಬೇಡ, ಲೆಕ್ಕ ಕೇಳುವ ಓದಾಗಲಿ. ನಿಮ್ಮ ಬೆಳಕಿನಲ್ಲಿ ನಮ್ಮದು ಎಷ್ಟು ಸೇರಿದೆ, ಅದಕ್ಕೆ ಪ್ರತಿಯಾಗಿ ನೀವು ಕೊಟ್ಟದ್ದೇನು ಅಂತ ಕೇಳಬೇಕು.

6

ಈ ಲೆಕ್ಕವನ್ನು ಹಳೆಯ ಕಾಲದ ಹೊತ್ತಗೆಗಳಲ್ಲಿ ಮಾತ್ರ ಕೇಳಿ ಸುಮ್ಮನಾಗುವುದು ಸುಲಭ. ಕಷ್ಟವಾಗುವುದು ನಾವು ಎದೆಗೆ ಒತ್ತಿಕೊಂಡ ಹೊತ್ತಗೆಯಲ್ಲಿ. ಭಾರತದ ಸಂವಿಧಾನದ ಮೂಲಪ್ರತಿ ಒಂದು ಚಿತ್ರಿತ ಹಸ್ತಪ್ರತಿ. ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿದರೆ ಅಚ್ಚರಿಪಡುತ್ತಾರೆ. ಇಂಗ್ಲಿಷ್ ಪ್ರತಿಯನ್ನು ಕೈಯಿಂದ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳಿಗೆ ಚಿತ್ರ ಮತ್ತು ಅಂಚುಗಳನ್ನು ಕೊಟ್ಟವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಪ್ರಸ್ತಾವನೆಯ ಪುಟದ ಅಂಚು ಬೇವಹಾರ್ ರಾಮಮನೋಹರ ಸಿನ್ಹಾ ಅವರದು. 1950ರ ಜನವರಿ 24ರಂದು 284 ಸದಸ್ಯರು ಸಹಿ ಹಾಕಿದರು. ಡೆಹ್ರಾಡೂನ್‌ನ ಸರ್ವೆ ಆಫ್ ಇಂಡಿಯಾ ಅದರ ಸಾವಿರ ಪ್ರತಿ ಅಚ್ಚು ಹಾಕಿತು. ಮತ್ತೆ ಸಾವಿರ! ಮೂಲಪ್ರತಿ ಈಗ ಸಂಸತ್ತಿನ ಗ್ರಂಥಾಲಯದಲ್ಲಿ ಜಡ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ದರ್ಶನಕ್ಕೆ ಇದೆ.

ಬರೆದ ರಾಯ್‌ಜಾದಾ ಅವರು ಕೂಲಿ ಕೇಳಲಿಲ್ಲ. ಪ್ರತಿ ಪುಟದಲ್ಲೂ ತಮ್ಮ ಹೆಸರು, ಕೊನೆಯ ಪುಟದಲ್ಲಿ ತಾತನ ಹೆಸರು ಇರಬೇಕು ಅಂತ ಕೇಳಿದರು ಎಂಬುದು ಪ್ರಸಿದ್ಧ. ಸರಿಯಾಗೇ ಕೇಳಿದರು. ಕೈಗೆ ಹೆಸರು ಬೇಕು. ಆದರೆ ಕರಡು ರಚನೆಯ ಹೊಣೆ ಹೊತ್ತ ಅಂಬೇಡ್ಕರ್ ಚಿತ್ರಗಳಲ್ಲಿ ಎಲ್ಲಿದ್ದಾರೆ? ಸಹಿಯ ಪುಟದಲ್ಲಿದ್ದಾರೆ, ಚಿತ್ರದ ಪುಟದಲ್ಲಿಲ್ಲ. ಮೊಹೆಂಜೊದಾರೊ ಗೂಳಿಯಿಂದ ಶುರುವಾಗಿ ವೇದಕಾಲದ ಆಶ್ರಮ, ರಾಮಾಯಣ, ಗೀತೆ, ಬುದ್ಧ, ಮಹಾವೀರ, ಅಶೋಕ, ನಟರಾಜ, ಅಕ್ಬರ್, ಶಿವಾಜಿ, ಗಾಂಧಿ, ಸುಭಾಷ್ ಹೀಗೆ ಮೆರವಣಿಗೆ ಸಾಗುತ್ತದೆ. ಕಬೀರರಿಲ್ಲ, ರವಿದಾಸರಿಲ್ಲ, ಫುಲೆ ಇಲ್ಲ.

ಇನ್ನೂ ಹತ್ತಿರ ಹೋಗಿ ನೋಡಿ. ಮೂಲಭೂತ ಹಕ್ಕುಗಳ ಮೂರನೆಯ ಭಾಗದ ತಲೆಯ ಮೇಲಿರುವುದು ರಾಮ, ಸೀತೆ, ಲಕ್ಷ್ಮಣರ ಚಿತ್ರ. ಅಸ್ಪೃಶ್ಯತೆಯನ್ನು ರದ್ದು ಮಾಡುವ 17ನೇ ವಿಧಿ ಇರುವುದು ಅದೇ ಭಾಗದಲ್ಲಿ. ಶಂಬೂಕನ ಕತೆ ಗೊತ್ತಿರುವವರು ಈ ಪುಟವನ್ನು ಹೇಗೆ ಓದಬೇಕು? ಅಕ್ಷರ ಒಂದು ಮಾತು ಹೇಳುತ್ತಿದೆ, ಚಿತ್ರ ಇನ್ನೊಂದು ನೆನಪು ತರುತ್ತಿದೆ. ಪರಿಶಿಷ್ಟರ ಮೀಸಲಾತಿಯ ಹದಿನಾರನೆಯ ಭಾಗದ ಮೇಲೆ ಝಾನ್ಸಿಯ ಲಕ್ಷ್ಮೀಬಾಯಿ ಮತ್ತು ಟಿಪ್ಪು ಸುಲ್ತಾನ್ ಇದ್ದಾರೆ. ದೇವನಹಳ್ಳಿಯಲ್ಲಿ ಹುಟ್ಟಿ ನಂದಿಬೆಟ್ಟದಲ್ಲಿ ಬೇಸಿಗೆಮನೆ ಇಟ್ಟುಕೊಂಡಿದ್ದ ನಮ್ಮ ಸೀಮೆಯ ಟಿಪ್ಪು ಅಲ್ಲಿರುವುದು ಸಂತೋಷವೇ. ಆದರೆ ಯಾರಿಗಾಗಿ ಆ ಭಾಗ ಬರೆದದ್ದೋ ಅವರ ಮುಖ ಅಲ್ಲಿಲ್ಲ. ಇದು ನಂದಲಾಲರ ಮೇಲೆ ಹೊರಿಸುವ ಆರೋಪವಲ್ಲ. ಆ ಕಾಲದ ರಾಷ್ಟ್ರೀಯ ಕಲ್ಪನೆ ಯಾರನ್ನು ಚಿತ್ರವಾಗಿ ಕಾಣುತ್ತಿತ್ತು, ಯಾರನ್ನು ಕಾಣುತ್ತಿರಲಿಲ್ಲ ಅನ್ನೋದಕ್ಕೆ ಈ ಪುಟಗಳೇ ಸಾಕ್ಷಿ.

ಆದರೂ ಈ ಹೊತ್ತಗೆ ಧವಲಾ ಅಲ್ಲ, ಶ್ರೀತತ್ತ್ವನಿಧಿಯೂ ಅಲ್ಲ. ಇಲ್ಲಿ ಮೊದಲ ಸಲ ಅಕ್ಷರ ಚಿತ್ರಕ್ಕಿಂತ ಮುಂದೆ ಹೋಗಿದೆ. ಚಿತ್ರ ಬಿಟ್ಟುಹೋದವರನ್ನು ವಿಧಿ ಹೆಸರಿಡಿದು ಕರೆದಿದೆ. ಅದಕ್ಕೇ ಇದನ್ನು ಮತ್ತೆ ದರ್ಶನದ ಪೆಟ್ಟಿಗೆಯ ವಸ್ತು ಮಾಡಲು ಬಿಡಬಾರದು. 2023ರ ಸೆಪ್ಟೆಂಬರ್ 15ರಂದು ರಾಜ್ಯದ ತುಂಬ ಪ್ರಸ್ತಾವನೆ ಓದಿಸಿದರು. ಶಾಲೆಗಳ ಗೋಡೆಯಲ್ಲಿ ಅಂಚಿನ ಸಮೇತ ಅದು ನೇತಾಡುತ್ತಿದೆ. ಓದಿದ್ದು ಒಳ್ಳೆಯದೇ. ಆದರೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ನಿಲ್ಲಲಿಲ್ಲ ಅಂತ ಕಡತ ಮುಚ್ಚಿತು. 17ನೇ ವಿಧಿಯ ಪುಟ ಎಷ್ಟೇ ಚೆಲುವಾಗಿರಲಿ, ಕಂಬಾಲಪಲ್ಲಿಯ ಕಡತದ ಜೊತೆ ಇಟ್ಟು ಓದದೆ ಹೋದರೆ ಅದೂ ಪೂಜೆಯ ಪುಟವಾಗುತ್ತದೆ.

7

ಕೊನೆಗೆ ಉಳಿಯುವುದು ನಮ್ಮ ಒಳಗಿನ ಪ್ರಶ್ನೆ. ದಲಿತರಿಗೆ ತಮ್ಮದೇ ಆದ ಚಿತ್ರದ ಹೊತ್ತಗೆ ಇರಲೇ ಇಲ್ಲವೆ?

ಇತ್ತು. ತೊಗಲು ಗೊಂಬೆಯನ್ನು ನೆನೆಯಿರಿ. ಮೇಕೆ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಎರಡೂ ಕಡೆ ಬಣ್ಣ ಹಾಕಿ, ಸಣ್ಣ ತೂತು ಕೊರೆದು, ಹಿಂದೆ ದೀಪ ಇಡುತ್ತಾರೆ. ಬೆಳಗಿದ ಹೊತ್ತಗೆ ಅನ್ನೋ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ಇನ್ನೇನಿದೆ? ಅದನ್ನು ಆಡಿಸುವ ಸಿಳ್ಳೇಕ್ಯಾತರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಮಠದ ಹೊತ್ತಗೆ ಬೀಗದೊಳಗಿದ್ದಾಗ ಈ ಹೊತ್ತಗೆ ಕತ್ತೆಯ ಬೆನ್ನಿನ ಮೇಲೆ ಊರೂರು ತಿರುಗಿತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿರುವ ಮಾದಿಗರು ಬಹಳ. ಕೈವಾರದ ತಾತಯ್ಯನವರ ಪದಗಳೂ ಎರಡೂ ಭಾಷೆಯಲ್ಲಿ ಇವೆ. ಆ ತೆಲುಗು ಸೀಮೆಯಲ್ಲಿ ಮಾದಿಗರ ಮೂಲಪುರುಷ ಜಾಂಬವಂತನ ಪುರಾಣವನ್ನು ಬಟ್ಟೆಯ ಮೇಲೆ ಉದ್ದಕ್ಕೆ ಚಿತ್ರಿಸಿದ ಪಟ ಇದೆ. ತೆಲಂಗಾಣದ ಚೇರ್ಯಾಲದ ನಕಾಶಿ ಕಲಾವಿದರು ಹುಣಸೆಬೀಜದ ಗಂಜಿ, ಬಿಳಿಮಣ್ಣು ಸೇರಿಸಿ ಬಟ್ಟೆ ಹದ ಮಾಡಿ ಬಣ್ಣ ಹಾಕುತ್ತಾರೆ. ಪಟವನ್ನು ಬಿಚ್ಚಿ, ತೋರಿಸಿ, ಹಾಡಿ ಹೇಳುವವರು ದಕ್ಕಲರು. ನಮ್ಮ ಕರ್ನಾಟಕದಲ್ಲೂ ದಕ್ಕಲಿಗರು ಮಾದಿಗರ ಕುಲಗಳ ವಂಶಾವಳಿಯನ್ನು ಇಟ್ಟುಕೊಂಡವರು, ಜಾಂಬವ ಪುರಾಣ ಹೇಳುವವರು. ಬಾಯಿಮಾತಿನವರು ಅಂತ ನಾವೇ ಹೇಳಿಕೊಂಡ ಸಮುದಾಯಕ್ಕೆ ಚಿತ್ರವಿತ್ತು, ವಂಶದ ದಾಖಲೆ ಇತ್ತು, ಅದನ್ನು ಓದಿ ಹೇಳುವ ಪಂಡಿತರಿದ್ದರು.

ಆ ಪಂಡಿತರನ್ನು ನಾವು ಎಲ್ಲಿ ಕೂರಿಸಿದೆವು? ದಕ್ಕಲಿಗರು ಮಾದಿಗರ ಮನೆಯೊಳಗೆ ಬರುವ ಹಾಗಿರಲಿಲ್ಲ. ಅವರ ಬಿಡಾರ ಕೇರಿಯಿಂದಲೂ ಆಚೆ. ಊರಿನವರು ನಮ್ಮನ್ನು ಎಷ್ಟು ದೂರ ಇಟ್ಟರೋ ಅಷ್ಟು ದೂರ ನಮ್ಮ ಹೊತ್ತಗೆ ಓದುವವರನ್ನು ನಾವು ಇಟ್ಟೆವು. ಕೆ.ಬಿ. ಸಿದ್ದಯ್ಯನವರು 'ದಕ್ಲಕಥಾದೇವಿ' ಕಾವ್ಯ ಬರೆದು ಆ ದೂರವನ್ನು ಕನ್ನಡದ ಮುಂದೆ ಇಟ್ಟರು. ಕಾವ್ಯವನ್ನು ಮೆಚ್ಚಿಕೊಂಡೆವು, ನಾಟಕವಾದಾಗ ಹೋಗಿ ನೋಡಿದೆವು. ದಕ್ಕಲಿಗರ ಪಟ ಮತ್ತು ವಂಶಾವಳಿಗಳನ್ನು ಹಸ್ತಪ್ರತಿ ಅಂತ ಕರೆದು ಪಟ್ಟಿ ಮಾಡುವ ಕೆಲಸಕ್ಕೆ ನಮ್ಮ ಕನ್ನಡ ವಿಭಾಗಗಳು ಎಷ್ಟು ಕೈ ಹಾಕಿವೆ?

ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನೋದು ಈಗ ಸ್ಪಷ್ಟವಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಾಲೇಜುಗಳಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ಗೆಳೆಯರಿದ್ದಾರೆ. ಅವರು ಗ್ರಂಥಾಲಯದ ಹಸ್ತಪ್ರತಿ ಸೂಚಿಗಳನ್ನು ತೆಗೆಯಲಿ. 'ಓಲೆ', 'ಕಾಗದ' ಅಂತ ಒಂದೇ ಪದದಲ್ಲಿ ಮುಗಿಸಿರುವ ಕಡೆ ಬಣ್ಣ ಯಾವುದು, ಅಂಟು ಯಾವುದು, ಅದನ್ನು ತಂದವರು ಯಾರು ಅಂತ ಕೇಳಲಿ. ಚರ್ಮ ಹದಮಾಡಿದ ನೆನಪಿರುವ ಮುದುಕರು ನಮ್ಮ ಕಾಲೊನಿಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳಲಿ. ಬರೆದ ಮೇಲೆ ಕೊನೆಯ ಪುಟದಲ್ಲಿ ಹೇಳಿದವರ ಹೆಸರು ಹಾಕಲಿ. ಮತ್ತೆ ದಕ್ಕಲಿಗರ ಬಿಡಾರಕ್ಕೆ ಹೋದಾಗ ಪಟವನ್ನು ಮಾತ್ರ ಕೇಳಿ ಬರುವುದು ಬೇಡ. ಅವರನ್ನು ಮನೆಯೊಳಗೆ ಕರೆದು ಕೂರಿಸಿ ಕೇಳಬೇಕು.